ಗೆಟಿಸ್‌ಬರ್ಗ್‌ನ 24,000 ಈಡು ತುಂಬಿದ ಕೋವಿಗಳು: ಮೆಕ್ಯಾನಿಕಲ್ ಬ್ಯಾಚ್ ಗುಂಪಿನಲ್ಲಿ ಒಂದು ವಾದ

ರಮೇಶ: [ಹಲವು ಬಾರಿ ಫಾರ್ವರ್ಡ್ ಆಗಿದೆ] 1863ರ ಜುಲೈ. ಅಮೆರಿಕದ ಅಂತರ್ಯುದ್ಧದ ಗೆಟಿಸ್‌ಬರ್ಗ್ ಕದನ ಮುಗಿದ ಮೇಲೆ ಆಯ್ದು ತಂದ ಕೋವಿಗಳಲ್ಲಿ 24,000 ಕೋವಿಗಳು ಈಡು (ಒಂದು ಸಲಕ್ಕೆ ಹಾಕುವ ಮದ್ದು, ಗುಂಡು) ತುಂಬಿಯೇ ಇದ್ದವು. 12,000 ಕೋವಿಗಳಲ್ಲಿ ಎರಡೆರಡು ಈಡು. ಒಂದರಲ್ಲಿ 23! ಸೈನಿಕರು ತುಂಬಿದಂತೆ ನಟಿಸಿದರು, ಹಾರಿಸಲಿಲ್ಲ. ಮನುಷ್ಯ ಮನುಷ್ಯನನ್ನು ಕೊಲ್ಲಲಾರ ಎಂಬುದಕ್ಕೆ ಇದೇ ಸಾಕ್ಷಿ 🙏

ಹೆಬ್ಬಾರ್: ರಮೇಶ, ಅಂಕಿ ಸರಿಯಿದೆ, ತೀರ್ಮಾನ ತಪ್ಪು. ಆ 24,000ದಲ್ಲಿ ಸುಮಾರು 6,000ದಲ್ಲಿ ಇದ್ದದ್ದು ಒಂದೇ ಈಡು. ತುಂಬಿ ಹಾರಿಸೋ ಮುಂಚೆ ಗಾಯವಾಗಿ ಬಿದ್ದವನ ಕೋವೀಲಿ ಇನ್ನೇನಿರುತ್ತೆ? ಅದನ್ನ ಲೆಕ್ಕದಿಂದ ತೆಗೆದುಬಿಡು.

ರಮೇಶ: ಸರಿ, ತೆಗೆದೆ. ಉಳಿದ 18,000? ಎರಡು ಈಡು ಮರೆತು ತುಂಬೋದು ಅಷ್ಟು ಜನಕ್ಕೆ ಹೇಗೆ ಆಗುತ್ತೆ?

ಹೆಬ್ಬಾರ್: ಅಂದಿನ ಮುಖ್ಯ ಕೋವಿ 1861ರ ಸ್ಪ್ರಿಂಗ್‌ಫೀಲ್ಡ್, ನಮ್ಮ ಮಲೆನಾಡಿನ ಕೇಪಿನ ಕೋವಿ ಹಾಗೇ ಬಾಯಿಂದ ತುಂಬೋದು. ಕವಾಯತಿನಲ್ಲಿ ಒಂಬತ್ತು ಹಂತ. ಕೋವಿ ನೆಲಕ್ಕೂರಿ ನಿಲ್ಲಿಸು, ತೋಟೆ (ಮದ್ದು, ಗುಂಡು ಸುತ್ತಿದ ಕಾಗದದ ಪೊಟ್ಟಣ) ತೆಗೆ, ಕಾಗದ ಹಲ್ಲಲ್ಲಿ ಕಚ್ಚಿ ಹರಿ, 60 ಗ್ರೇನ್ ಮದ್ದು ಸುರಿ, ಗುಂಡು ಬಾಯಿಗಿಡು, ಸಲಾಕೆ ಎಳೆದು ಜಡಿ, ಸಲಾಕೆ ವಾಪಸ್ ಸೇರಿಸು, ಕುದುರೆ (ಕೇಪಿಗೆ ಬಡಿಯೋ ಸುತ್ತಿಗೆ) ಅರ್ಧ ಎಳೆದು ಕೇಪು (ಕಿಡಿ ಹೊತ್ತಿಸೋ ಪುಟ್ಟ ಟೋಪಿ) ಕೂರಿಸು. ಪಳಗಿದವನು ನಿಮಿಷಕ್ಕೆ ಮೂರು ಹೊಡೀತಾನೆ. ಕೇಪು ಬರೋದು ಕಟ್ಟಕಡೆಗೆ. ಗಡಿಬಿಡೀಲಿ ಅದೊಂದು ಬಿಟ್ಟುಹೋದ್ರೆ ಕುದುರೆ ಬೀಳುತ್ತೆ, ಕೋವಿ ಹಾರಲ್ಲ.

ರಮೇಶ: ಹೆಗಲಿಗೆ ಒದೆತ ಬರದಿದ್ರೆ ಗೊತ್ತಾಗಲ್ವಾ?

ಶೈಲಜಾ: ಎರಡು ಸಾಲು, ಭುಜಕ್ಕೆ ಭುಜ ತಾಗಿಸಿ ನಿಂತಿರ್ತಾರೆ. ಹಿಂದಿನ ಸಾಲಿನವನ ನಳಿಗೆ ಮುಂದಿನವನ ಕಿವಿ ಪಕ್ಕದಲ್ಲೇ ಹಾರೋದು. ಕಪ್ಪು ಮದ್ದಿನ ಹೊಗೆ ಬೇರೆ. ಇನ್ನೊಂದು ದೋಷ ಇದಕ್ಕಿಂತ ಮೋಸದ್ದು. ಇಪ್ಪತ್ತು ಮೂವತ್ತು ಈಡಾದ ಮೇಲೆ ಮದ್ದಿನ ಕಿಟ್ಟ ನಿಪ್ಪಲ್ (ಕೇಪು ಕೂರೋ ಪುಟ್ಟ ಕೊಳವೆ) ತೂತಲ್ಲಿ ಕಟ್ಟುತ್ತೆ. ಕೇಪು ಸಿಡಿಯುತ್ತೆ, ಕಿಡಿ ಒಳಗಿನ ಮದ್ದಿಗೆ ತಲುಪಲ್ಲ. ಸದ್ದು ಬಂತು, ಹೊಗೆ ಬಂತು, ಹಾರಿತು ಅಂದ್ಕೊಂಡು ಮತ್ತೊಂದು ತುಂಬ್ತಾನೆ. ನಿಪ್ಪಲ್ ತೂತು ಚುಚ್ಚೋಕೆ ಅಂತಲೇ ಕೇಪಿನ ಚೀಲದಲ್ಲಿ ಒಂದು ತಂತಿ ಕೊಟ್ಟಿರ್ತಿದ್ರು.

ನಾಗರಾಜ: ಫಾರ್ವರ್ಡ್‌ನಲ್ಲಿ ಬಿಟ್ಟಿರೋ ಭಾಗವೇ ಮುಖ್ಯ. ಅದೇ ತಪಾಸಣೆಯಲ್ಲಿ ಕೆಲವು ನಳಿಗೆಗಳಲ್ಲಿ ಗುಂಡು ಕೆಳಗೆ, ಮದ್ದು ಮೇಲೆ ಸಿಕ್ಕಿತು. ಕೆಲವದರಲ್ಲಿ ಕಾಗದ ಹರಿಯದ ಇಡೀ ತೋಟೆಗಳು, ಆರರ ತನಕ. ಇವು ಕೈ ನಡುಗೋ ಹೊಸಬರ ತಪ್ಪುಗಳು.

ರಮೇಶ: ಬೇಕಂತಲೇ ಹರಿಯದೆ ಹಾಕಿರಬಹುದಲ್ಲ? ನಟಿಸೋನು ಅದನ್ನೇ ಮಾಡ್ತಾನೆ.

ಹೆಬ್ಬಾರ್: ಮಾಡಲ್ಲ ಕಣೋ. ಕೊಲ್ಲೋಕೆ ಮನಸ್ಸಿಲ್ಲದವನಿಗೆ ಸುಲಭದ ದಾರಿ ನಳಿಗೆ ಒಂದಿಷ್ಟು ಮೇಲೆತ್ತಿ ಹಾರಿಸೋದು. ಆ ಹೊಗೇಲಿ ಯಾವ ಸಾರ್ಜೆಂಟಿಗೂ ಕಾಣಲ್ಲ. ಈಡಿನ ಮೇಲೆ ಈಡು ಜಡಿದ್ರೆ ಮುಂದೆ ಯಾವತ್ತೋ ಕಿಡಿ ತಾಗಿದಾಗ ನಳಿಗೆ ಅವನ ಮುಖದ ಹತ್ರಾನೇ ಒಡೆಯುತ್ತೆ.

ಶೈಲಜಾ: ಆ 23ರ ಲೆಕ್ಕ ಮಾಡಿ ನೋಡಿದೆ. ನಳಿಗೆಯ ಒಳವ್ಯಾಸ 0.58 ಇಂಚು, 60 ಗ್ರೇನ್ ಅಂದ್ರೆ ಸುಮಾರು 3.9 ಗ್ರಾಂ ಮದ್ದು. ಅದು ಒಳಗೆ 2.3 ಸೆಂ.ಮೀ. ಎತ್ತರ ನಿಲ್ಲುತ್ತೆ. ಮಿನಿಯೆ ಗುಂಡು ಸುಮಾರು 2.5 ಸೆಂ.ಮೀ. ಉದ್ದ. ಗುಂಡಿನ ತಳ ಟೊಳ್ಳು, ಸ್ವಲ್ಪ ಮದ್ದು ಅದರೊಳಗೇ ಸೇರುತ್ತೆ, ಹಾಗಾಗಿ ಒಂದು ಈಡಿಗೆ ಹತ್ತಿರ ಹತ್ತಿರ 4.5 ಸೆಂ.ಮೀ. ಅಂತ ಹಿಡಿ. 23 ಈಡಿಗೆ 103.5 ಸೆಂ.ಮೀ. ನಳಿಗೆ 40 ಇಂಚು, ಅಂದ್ರೆ 101.6 ಸೆಂ.ಮೀ.! ಜಡಿದಾಗ ಸ್ವಲ್ಪ ಕುಗ್ಗಿದ್ರೂ ನಳಿಗೆ ಬಾಯಿ ತನಕ ತುಂಬಿದ ಹಾಗೇ. ಅದು ನಟನೆಯಲ್ಲ. ಬುದ್ಧಿ ಸ್ತಬ್ಧವಾಗಿ ಕೈ ಮಾತ್ರ ಕವಾಯತು ಮಾಡ್ತಿದ್ದ ಮನುಷ್ಯ ಅದು, ಪಾಪ.

ರಮೇಶ: ಈ ಲೆಕ್ಕ ನನಗೆ ಹೊಳೆದಿರಲಿಲ್ಲ. ಎರಡನೇ ಈಡಿಗೇ ಸಲಾಕೆ ಮೊದಲಿಗಿಂತ 4.5 ಸೆಂ.ಮೀ. ಹೆಚ್ಚು ಹೊರಗೆ ಉಳೀಬೇಕು, ನೋಡೋ ವ್ಯವಧಾನ ಇದ್ರೆ ಅಲ್ಲೇ ಸಿಕ್ಕಿಬೀಳ್ತಿತ್ತು. ಆದ್ರೂ ಎತ್ತಿ ಹೊಡೆದವರು ಇದ್ದೇ ಇರ್ತಾರೆ, ಅದನ್ನ ನಾನು ಬಿಡಲ್ಲ.

ನಾಗರಾಜ: ಇರಬಹುದು. ಹಾರಿಸಿದವನ ಕೋವಿ ಖಾಲಿ ಇರುತ್ತೆ, ಆ ರಾಶಿ ಅವನ ಬಗ್ಗೆ ಏನೂ ಹೇಳಲ್ಲ. ಮೂರು ದಿನದಲ್ಲಿ ಎರಡೂ ಕಡೆ ಸೇರಿ ಸತ್ತವರು, ಗಾಯಗೊಂಡವರು, ಸೆರೆಯಾದವರು, ಕಾಣೆಯಾದವರು ಸುಮಾರು 50,000. ಹೊಡೆದವರೂ ಬಹಳ ಇದ್ರು. ನನ್ನ ಸಿಟ್ಟು ತರಬೇತಿ ಮೇಲೆ. ಎಷ್ಟೋ ಸ್ವಯಂಸೇವಕ ರೆಜಿಮೆಂಟುಗಳಿಗೆ ಕವಾಯತು ತಿಂಗಳುಗಟ್ಟಲೆ, ಗುರಿಯ ಅಭ್ಯಾಸ ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ. ಅದಕ್ಕೇ 1871ರಲ್ಲಿ ಯೂನಿಯನ್ (ಉತ್ತರದ ರಾಜ್ಯಗಳ) ಸೇನೆಯ ಮಾಜಿ ಅಧಿಕಾರಿಗಳು ಸೇರಿ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಕಟ್ಟಿದ್ದು.

ರಮೇಶ: ಕಾಗದ ಕಚ್ಚೋದು ಅಂದ್ಯಲ್ಲ ಹೆಬ್ಬಾರ್, ನಮ್ಮ 1857ರ ತೋಟೆಯೂ ಇದೇನಾ?

ಹೆಬ್ಬಾರ್: ತತ್ವ ಒಂದೇ, ಕಟ್ಟಿದ ರೀತಿ ಬೇರೆ. ಬ್ರಿಟಿಷರ ಎನ್‌ಫೀಲ್ಡ್ ಕೋವಿಯ ತೋಟೇಲಿ ಕೊಬ್ಬು ಹಚ್ಚಿದ ಕಾಗದ ಗುಂಡಿನ ಸುತ್ತ ಉಳಿದು ಹಾಗೇ ನಳಿಗೆಗೆ ಇಳಿಯೋದು. ಸ್ಪ್ರಿಂಗ್‌ಫೀಲ್ಡ್‌ಗೆ ಕೊಬ್ಬು ಗುಂಡಿನ ಮೈಮೇಲಿನ ಮೂರು ತೋಡುಗಳಲ್ಲೇ ಇರುತ್ತೆ, ಕಾಗದ ಬಿಸಾಡೋದು. ಎನ್‌ಫೀಲ್ಡ್ ಕೋವಿಗಳನ್ನ ಅಮೆರಿಕದ ಎರಡೂ ಕಡೆಯವರು ಲಕ್ಷಗಟ್ಟಲೆ ಕೊಂಡಿದ್ರು.

ರಮೇಶ: ಫಾರ್ವರ್ಡ್ ಅಳಿಸ್ತಿದ್ದೀನಿ. ಒಂದು ಪ್ರಶ್ನೆ, ಹೀಗೆ ಕಟ್ಟಿಕೊಂಡ ನಳಿಗೆ ಖಾಲಿ ಮಾಡೋದು ಹೇಗೆ?

ಶೈಲಜಾ: ಒಂದೆರಡು ಈಡಾದ್ರೆ ಸಲಾಕೆ ತುದಿಗೆ ತಿರುಪು ಸಿಕ್ಕಿಸಿ, ಸೀಸದ ಗುಂಡಿಗೆ ಕೊರೆದು ಎಳೀಬೇಕು. ಮೊದಲು ನಿಪ್ಪಲ್ ಮೂಲಕ ನೀರು ಬಿಟ್ಟು ಮದ್ದು ನೆನೆಸಿಕೊಂಡ್ರೆ ಕ್ಷೇಮ. ಅದಕ್ಕಿಂತ ಹೆಚ್ಚಿದ್ರೆ ನಳಿಗೆಯ ಬುಡದ ತಿರುಪು ಬಿಚ್ಚಿ ಹಿಂದಿನಿಂದಲೇ ತೆಗೆಯೋದು. ಅದು ಕಾರ್ಖಾನೆಯ ವೈಸ್ ಮೇಲಿನ ಕೆಲಸ, ಕದನದ ಸಾಲಿನಲ್ಲಿ ಆಗಲ್ಲ.