ಪ್ರೈಮರ್ 0.1 ಮೈಕ್ರೋಲೀಟರ್ ಹಾಕೋದು ಹೇಗೆ?

ಪ್ರಶ್ನೆ: ಮೇಡಂ, ನಾನು ಎಂ.ಎಸ್ಸಿ. ಕೊನೇ ಸೆಮಿಸ್ಟರ್. ಪಿಸಿಆರ್ (ಡಿಎನ್‌ಎ ನಕಲು ಮಾಡೋ ರಿಯಾಕ್ಷನ್) ಮಾಡ್ತಿದ್ದೀನಿ. ಅದಕ್ಕೆ ಬೇಕಾದ ಪ್ರೈಮರ್, ಅಂದರೆ ನಕಲು ಶುರು ಮಾಡಿಸೋ ಚಿಕ್ಕ ಡಿಎನ್‌ಎ ತುಂಡು, ಅದರ ಸ್ಟಾಕ್ (ಗಟ್ಟಿ ದ್ರಾವಣ) 100 ಮೈಕ್ರೋಮೋಲಾರ್ ಇದೆ. 25 ಮೈಕ್ರೋಲೀಟರ್ ಪಿಸಿಆರ್‌ನಲ್ಲಿ 0.4 ಮೈಕ್ರೋಮೋಲಾರ್ ಆಗಬೇಕು. ಸಿ1ವಿ1 = ಸಿ2ವಿ2 (ಸಾಂದ್ರತೆ × ಪ್ರಮಾಣ, ಮೊದಲೂ ಆಮೇಲೂ ಸಮ) ಹಾಕಿದರೆ 0.1 ಮೈಕ್ರೋಲೀಟರ್ ಬರುತ್ತೆ. ನಮ್ಮಲ್ಲಿರೋ ಅತಿ ಚಿಕ್ಕ ಪಿಪೆಟ್ 0.5ರಿಂದ ಶುರು. ಲೆಕ್ಕ ತಪ್ಪಾಯ್ತಾ?

ಉತ್ತರ: ಲೆಕ್ಕ ಸರಿ ಇದೆ. 0.4 × 25 ÷ 100 = 0.1. ಆದರೆ ಅಷ್ಟನ್ನು ಪಿಪೆಟ್‌ನಲ್ಲಿ ತೆಗೆಯೋಕಾಗಲ್ಲ. ಟಿಪ್‌ನ ಹೊರಮೈಗೆ ಅಂಟಿ ಬರೋದೇ ಅದಕ್ಕಿಂತ ಜಾಸ್ತಿ ಇರಬಹುದು. ಪಿಪೆಟ್ ಮೇಲೆ 0.5 ಅಂತ ಬರೆದಿದ್ದರೂ ನಾನಂತೂ 1ಕ್ಕಿಂತ ಕೆಳಗೆ ಇಳಿಯೋದಿಲ್ಲ.

ಮೊದಲು ವರ್ಕಿಂಗ್ ಸ್ಟಾಕ್ ಮಾಡಿಕೊಳ್ಳಿ: 10 ಮೈಕ್ರೋಲೀಟರ್ ಪ್ರೈಮರ್, 90 ನ್ಯೂಕ್ಲಿಯೇಸ್ ಇಲ್ಲದ ನೀರು. ಅದು 10 ಮೈಕ್ರೋಮೋಲಾರ್ ಆಗುತ್ತೆ. ಈಗ ಒಂದು ರಿಯಾಕ್ಷನ್‌ಗೆ ಸರಿಯಾಗಿ 1 ಮೈಕ್ರೋಲೀಟರ್ ಸಾಕು. 24 ಟ್ಯೂಬ್ ಇದ್ದರೆ 26ಕ್ಕೆ ಮಾಸ್ಟರ್ ಮಿಕ್ಸ್ (ಎಲ್ಲ ಟ್ಯೂಬ್‌ಗೂ ಒಟ್ಟಿಗೆ ಕಲಸಿಟ್ಟ ಮಿಶ್ರಣ) ಹಾಕಿ, ಕೊನೇ ಟ್ಯೂಬಿಗೆ ಕಮ್ಮಿ ಬೀಳಲ್ಲ. ಪ್ರೈಮರ್ ಜೋಡಿಯಲ್ಲಿ ಫಾರ್ವರ್ಡ್ 26 ಮೈಕ್ರೋಲೀಟರ್, ರಿವರ್ಸ್ 26.

‘ಮಾಸ್ಟರ್ ಮಿಕ್ಸ್‌ಗೆ 100ರ ಸ್ಟಾಕ್‌ನಿಂದಲೇ 2.6 ಹಾಕಿದರಾಯ್ತಲ್ಲ’ ಅಂತ ನಿಮ್ಮ ಸೀನಿಯರ್ ಹೇಳಬಹುದು. ಲೆಕ್ಕಕ್ಕೆ ತಪ್ಪಿಲ್ಲ. ಆದರೆ ಮೂಲ ಟ್ಯೂಬನ್ನು ದಿನಾ ತೆರೆದು, ಕರಗಿಸಿ, ಮತ್ತೆ ಫ್ರೀಜ್ ಮಾಡ್ತಾ ಹೋದರೆ ಒಂದಲ್ಲ ಒಂದು ದಿನ ಅದರೊಳಗೆ ಯಾರದೋ ಡಿಎನ್‌ಎ ಸೇರುತ್ತೆ. ಆಮೇಲೆ ಡಿಎನ್‌ಎ ಹಾಕದ ನೆಗೆಟಿವ್ ಕಂಟ್ರೋಲ್ ಟ್ಯೂಬಿನಲ್ಲೂ ಜೆಲ್ ಮೇಲೆ ಬ್ಯಾಂಡ್!

ಪ್ರಶ್ನೆ: ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. 1:10 ಅಂದರೆ 1ಕ್ಕೆ 9 ಸೇರಿಸಬೇಕಾ, 10 ಸೇರಿಸಬೇಕಾ?

ಉತ್ತರ: ಮಾಲಿಕ್ಯುಲರ್ ಬಯಾಲಜಿಯಲ್ಲಿ ಸಾಮಾನ್ಯವಾಗಿ ಒಟ್ಟು 10 ಭಾಗ ಅಂತಲೇ ಅರ್ಥ, ಅಂದರೆ 1 + 9. ಕೆಲವರು 1 + 10 ಅಂತ ಬಳಸೋದೂ ಉಂಟು. ಹಾಗಾಗಿ ಲ್ಯಾಬ್ ನೋಟ್‌ಬುಕ್‌ನಲ್ಲಿ ಅನುಪಾತ ಬರೆಯೋದೇ ಬೇಡ, ಎಷ್ಟಕ್ಕೆ ಎಷ್ಟು ಹಾಕಿದಿರಿ ಅಂತ ಬರೀರಿ. 50ಎಕ್ಸ್ (50 ಪಟ್ಟು ಗಟ್ಟಿ) ಟಿಎಇ, ಅಂದರೆ ಜೆಲ್ ಓಡಿಸೋ ಬಫರ್, ಅದಕ್ಕೂ ಹಾಗೇ: 20 ಎಂಎಲ್ ಬಫರ್, 980 ಎಂಎಲ್ ನೀರು, ಒಟ್ಟು 1 ಲೀಟರ್ 1ಎಕ್ಸ್.

ಪ್ರಶ್ನೆ: ಮೇಡಂ, ಆಂಪಿಸಿಲಿನ್ ಆ್ಯಂಟಿಬಯೋಟಿಕ್ 100 ಮಿಲಿಗ್ರಾಂ ಪರ್ ಎಂಎಲ್ ಸ್ಟಾಕ್. ಬ್ಯಾಕ್ಟೀರಿಯಾ ಬೆಳೆಸೋ ಎಲ್‌ಬಿ ಅಗರ್ 200 ಎಂಎಲ್. ಪ್ಲೇಟಲ್ಲಿ 100 ಮೈಕ್ರೋಗ್ರಾಂ ಪರ್ ಎಂಎಲ್ ಬೇಕು. ನನಗೆ 200 ಎಂಎಲ್ ಅಂತ ಬರ್ತಿದೆ!

ಉತ್ತರ: ಮಿಲಿಗ್ರಾಂ, ಮೈಕ್ರೋಗ್ರಾಂ ಎರಡನ್ನೂ ಹಾಗೇ ಬೆರೆಸಿದ್ದೀರಿ. ಸ್ಟಾಕ್ ಅಂದರೆ 1,00,000 ಮೈಕ್ರೋಗ್ರಾಂ ಪರ್ ಎಂಎಲ್, ಪ್ಲೇಟಿಗೆ ಬೇಕಾದ್ದಕ್ಕಿಂತ ಸಾವಿರ ಪಟ್ಟು ಗಟ್ಟಿ. ಹಾಗಾಗಿ 0.2 ಎಂಎಲ್, ಅಂದರೆ 200 ಮೈಕ್ರೋಲೀಟರ್. ಅಗರ್ ಸುಮಾರು 50 ಡಿಗ್ರಿಗೆ ಇಳಿದ ಮೇಲೆ ಹಾಕಿ, ಕುದಿ ಬಿಸಿಯಲ್ಲಿ ಹಾಕಿದರೆ ಆಂಪಿಸಿಲಿನ್ ಕೆಡುತ್ತೆ.