ರಾಸ್ಪ್‌ಬೆರಿ ಪೈ ಮತ್ತು ಮೊಬೈಲಿನಲ್ಲಿ ಮೈನ್‌ಕ್ರಾಫ್ಟ್ ಒಟ್ಟಿಗೆ ಆಡುವುದು ಹೇಗೆ? ಅನುಭವ ಇರುವವರು ತಿಳಿಸಿ

ರಾಜಾಜಿನಗರದಿಂದ, ಪ್ರಶ್ನೆ:
ಏಳನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗನ ಬಳಿ 4 ಜಿಬಿ ಮೆಮೊರಿಯ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಇದೆ. ಹಳೆಯ ಎಸ್‌ಡಿ ಕಾರ್ಡಿನಲ್ಲಿರುವ, ಚೌಕದ ತುಂಡುಗಳಿಂದ ಜಗತ್ತನ್ನು ಕಟ್ಟುವ ಮೈನ್‌ಕ್ರಾಫ್ಟ್ ಆಟದ ಪೈ ಆವೃತ್ತಿಯನ್ನು ಅವನು ಆಡುತ್ತಾನೆ. ರಜೆಗೆ ಬಂದಿರುವ ನನ್ನ ಅಕ್ಕನ ಮಕ್ಕಳಿಬ್ಬರ ಆಂಡ್ರಾಯ್ಡ್ ಮೊಬೈಲುಗಳಲ್ಲಿಯೂ ಮೈನ್‌ಕ್ರಾಫ್ಟ್ ಇದೆ. ಮೂವರೂ ಒಂದೇ ವೈಫೈಯಲ್ಲಿದ್ದರೂ ಇವನು ಕಟ್ಟಿದ ಜಗತ್ತು ಅವರಿಗೆ ಕಾಣಿಸುತ್ತಿಲ್ಲ. ಏನು ಮಾಡಬಹುದು?

ಬಸವನಗುಡಿಯಿಂದ:
ನಿಮ್ಮ ವೈಫೈಯಲ್ಲಿ ದೋಷವಿಲ್ಲ, ಮೇಡಂ. ಪೈ ಆವೃತ್ತಿಯು 2013ರಲ್ಲಿ, ಆಗಿನ ಮೊಬೈಲ್ ಆವೃತ್ತಿಯಾದ ಪಾಕೆಟ್ ಎಡಿಶನ್ 0.6.1ನ್ನು ಆಧರಿಸಿ ಹೊರಬಂದು ಅಲ್ಲಿಯೇ ನಿಂತುಬಿಟ್ಟಿತು. ಮೊಬೈಲಿನದು ಬೆಳೆಯುತ್ತಾ ಹೋಗಿ ಈಗ ಬೆಡ್‌ರಾಕ್ ಎನಿಸಿಕೊಂಡಿದೆ. ಎರಡೂ ಬಳಸುವುದು ಯುಡಿಪಿ 19132ನೆಯ ಪೋರ್ಟನ್ನೇ (ನೆಟ್‌ವರ್ಕಿನಲ್ಲಿ ಆಟ ಮಾತಾಡುವ ಬಾಗಿಲಿನ ಸಂಖ್ಯೆ) ಆದರೂ, ಹಳಗನ್ನಡ ಮಾತ್ರ ಬಲ್ಲವನೊಬ್ಬ ಮೆಜೆಸ್ಟಿಕ್‌ನಲ್ಲಿ ನಿಂತು ಬಸ್ಸು ವಿಚಾರಿಸಿದಂತೆ, ಒಂದರ ಮಾತು ಇನ್ನೊಂದಕ್ಕೆ ತಿಳಿಯುವುದಿಲ್ಲ. ಹಾಗೆಂದು ಆ ಕಾರ್ಡನ್ನು ಅಳಿಸಬೇಡಿ. ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆದು ಆಟದೊಳಗೆ ಗೋಡೆ ಎಬ್ಬಿಸುವುದನ್ನು ಕಲಿಯಲು ಅದಕ್ಕಿಂತ ಸುಲಭವಾದುದನ್ನು ನಾನು ಕಂಡಿಲ್ಲ.

ನಮ್ಮ ಮನೆಯಲ್ಲಿ ಕೆಲಸ ಸಾಧಿಸಿದ್ದು ಲುವಾಂಟಿ. ಮೈನ್‌ಟೆಸ್ಟ್ ಎಂದು ಪ್ರಸಿದ್ಧವಾಗಿದ್ದ ಮೈನ್‌ಕ್ರಾಫ್ಟ್‌ನಂಥದೇ ಆಟವಾಡಿಸುವ ಈ ಉಚಿತ ತಂತ್ರಾಂಶಕ್ಕೆ 2024ರಲ್ಲಿ ಈ ಹೊಸ ಹೆಸರು ಬಂತು. ಪೈಯಲ್ಲಿಯೂ ಆಂಡ್ರಾಯ್ಡ್‌ನಲ್ಲಿಯೂ ಅದು ನಡೆಯುವುದರಿಂದ, ನಿಮ್ಮ ಮಗ ಪೈಯಲ್ಲಿ ಆಟವನ್ನು ಹೋಸ್ಟ್ ಮಾಡಿ (ಎಲ್ಲರೂ ಸೇರುವಂತೆ ತೆರೆದಿಟ್ಟು) ತಾನೂ ಅಲ್ಲಿಯೇ ಆಡಬಹುದು. ಉಳಿದವರು ಮೊಬೈಲಿನಲ್ಲಿ ಪೈಯ ಐಪಿ ವಿಳಾಸವನ್ನೂ (ವೈಫೈಯಲ್ಲಿ ಅದಕ್ಕಿರುವ ಸಂಖ್ಯೆ) 30000 ಎಂಬ ಪೋರ್ಟ್ ಸಂಖ್ಯೆಯನ್ನೂ ಕೊಟ್ಟು ಒಳಬರಬಹುದು. ಆಟಕ್ಕೆ ಹೊಸತನ್ನು ಸೇರಿಸುವ ಮಾಡ್‌ಗಳನ್ನು ಪೈಯಲ್ಲಿ ಮಾತ್ರ ಹಾಕಿದರೆ ಸಾಕು, ಮೊಬೈಲಿಗೆ ಬೇಕಾದ ಚಿತ್ರಗಳನ್ನೂ ಧ್ವನಿಗಳನ್ನೂ ಅದೇ ಕಳುಹಿಸುತ್ತದೆ. ಈ ಕಾರಣಕ್ಕೆ ಮೊದಲ ಸಲ ಸೇರುವಾಗ ತುಸು ಹೊತ್ತು ಕಾಯಬೇಕಾಗುತ್ತದೆ. ನನ್ನ ಮಗಳು ಆಟ ಕೆಟ್ಟುಹೋಯಿತೆಂದು ಮೂರು ಬಾರಿ ಹೊರಗೆ ಬಂದಿದ್ದಳು. ಎರಡೂ ಕಡೆ ಆವೃತ್ತಿಯ ಸಂಖ್ಯೆ 5ರಿಂದಲೇ ಆರಂಭವಾಗುತ್ತದೆಯೇ ಎಂದು ನೋಡಿಕೊಳ್ಳಿ, ಏಕೆಂದರೆ ಹಳೆಯ 0.4 ಸರಣಿಗೂ 5ಕ್ಕೂ ಹೊಂದಾಣಿಕೆಯಿಲ್ಲ.

ಯಲಹಂಕದಿಂದ:
ಮೇಲಿನ ಸಲಹೆ ಸರಿಯಾಗಿಯೇ ಇದೆ, ಆದರೆ ಮೈನ್‌ಕ್ರಾಫ್ಟ್ ಆಡಿ ರೂಢಿಯಾದ ಮಕ್ಕಳು ಲುವಾಂಟಿಯನ್ನು ಒಪ್ಪುತ್ತಾರೆಂಬ ಭರವಸೆ ನನಗಿಲ್ಲ. ನಮ್ಮವರು ಒಂದು ಗಂಟೆಯಲ್ಲಿ ಕೈಬಿಟ್ಟರು. ಆಗ ನಾನು ಬೆಡ್‌ರಾಕ್‌ನ ಅಧಿಕೃತ ಸರ್ವರನ್ನು (ಎಲ್ಲರೂ ಬಂದು ಸೇರುವ ಆಟವನ್ನು ನಡೆಸುವ ತಂತ್ರಾಂಶ) ಪೈಯಲ್ಲಿ ಹಾಕಲು ಹೋಗಿ ಒಂದು ಭಾನುವಾರವನ್ನು ಕಳೆದುಕೊಂಡೆ. ಅದು ಇಂಟೆಲ್, ಎಎಂಡಿ ಬಗೆಯ ಪ್ರೊಸೆಸರ್‌ಗಳಿಗಾಗಿ ಸಿದ್ಧಪಡಿಸಿದ್ದು, ಪೈಯಲ್ಲಿರುವುದು ಆರ್ಮ್ ಎಂಬ ಬೇರೆ ಬಗೆಯ ಪ್ರೊಸೆಸರ್. ಕೊನೆಗೆ ಮೈನ್‌ಕ್ರಾಫ್ಟ್‌ನ ಕಂಪ್ಯೂಟರ್ ಆವೃತ್ತಿಯಾದ ಜಾವಾದ ಪೇಪರ್ ಎಂಬ ಸರ್ವರನ್ನು ಹಾಕಿ, ಅದಕ್ಕೆ ಗೀಸರ್ ಎಂಬ ಪ್ಲಗಿನ್ ಸೇರಿಸಿದೆ. ಮೊಬೈಲಿನ ಬೆಡ್‌ರಾಕ್ ಹೇಳಿದ್ದನ್ನು ಜಾವಾ ಸರ್ವರಿಗೆ ತಿಳಿಯುವಂತೆ ಬದಲಿಸಿ ಕೊಡುವ ದುಭಾಷಿ ಅದು. ಜೊತೆಗೆ ಫ್ಲಡ್‌ಗೇಟ್ ಎಂಬ ಇನ್ನೊಂದು ಪ್ಲಗಿನ್ ಹಾಕಿದರೆ ಮೊಬೈಲಿನವರಿಗೆ ಪ್ರತ್ಯೇಕ ಜಾವಾ ಖಾತೆ ಬೇಕಾಗುವುದಿಲ್ಲ. ದೂರದ ದೃಶ್ಯವನ್ನು ಎಷ್ಟು ತೋರಿಸಬೇಕೆಂಬ ಮಿತಿಯನ್ನು 6ಕ್ಕೆ ಇಳಿಸಿದ ಮೇಲೆ ನಾಲ್ವರು ಆಡಿದರೂ ತಡವರಿಸಲಿಲ್ಲ.

ಇದರಲ್ಲಿ ಎರಡು ತೊಡಕುಗಳಿವೆ. ಮೊಬೈಲಿನ ಆಟ ರಾತ್ರೋರಾತ್ರಿ ತಾನಾಗಿಯೇ ಅಪ್‌ಡೇಟ್ ಆದರೆ ಹಳೆಯ ಗೀಸರ್ ಅದನ್ನು ಒಳಗೆ ಬಿಡುವುದಿಲ್ಲ. ಎರಡನೆಯದು, ಪೈ ಇಲ್ಲಿ ಸರ್ವರ್ ಮಾತ್ರ. ನಿಮ್ಮ ಮಗನಿಗೆ ಆಡಲು ಬೇರೊಂದು ಸಾಧನ ಬೇಕಾಗುತ್ತದೆ. ಅವನು ಪೈಯಲ್ಲೇ ಕೂತು ಆಡಬೇಕೆಂದಿದ್ದರೆ ಲುವಾಂಟಿಯೇ ದಾರಿ.

ಜಯನಗರದಿಂದ:
ಆಟ ಯಾವುದಾದರೂ ಆಗಲಿ, ಪೈಯನ್ನು ಮೊಬೈಲ್ ಚಾರ್ಜರಿನಿಂದ ನಡೆಸಬೇಡಿ. ಪೈ 4ಕ್ಕೆ 3 ಆಂಪಿಯರ್ ಕೊಡುವ ಅಡಾಪ್ಟರ್ ಬೇಕು. ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಕಂಡರೆ ಕರೆಂಟು ಸಾಲುತ್ತಿಲ್ಲವೆಂದು ಅರ್ಥ. ಎಸ್‌ಪಿ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೊಳ್ಳುವಾಗ ಪೈ 4ಕ್ಕೆಂದು ಕೇಳಿಯೇ ಕೊಳ್ಳಿ. ನಮ್ಮ ಮನೆಯಲ್ಲಿ ಯುಪಿಎಸ್ ಇದ್ದದ್ದು ರೂಟರಿಗೆ ಮಾತ್ರ. ಮಳೆಗಾಲದ ಒಂದು ಸಂಜೆ ಕರೆಂಟು ಹೋಗಿ ಎಸ್‌ಡಿ ಕಾರ್ಡ್ ಕೆಟ್ಟು, ಮಕ್ಕಳು ಎರಡು ತಿಂಗಳಿಂದ ಕಟ್ಟಿದ್ದ ಊರೇ ಹೋಯಿತು.

ಮಲ್ಲೇಶ್ವರದಿಂದ:
ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮಕ್ಕಳ ಮೊಬೈಲುಗಳು ಗೆಸ್ಟ್ ವೈಫೈಯಲ್ಲಿದ್ದವು. ಅಲ್ಲಿ ಒಂದು ಸಾಧನಕ್ಕೆ ಇನ್ನೊಂದು ಕಾಣದಂತೆ ರೂಟರೇ ತಡೆಯುತ್ತದೆ, ಅದನ್ನು ಮೊದಲು ಪರೀಕ್ಷಿಸಿ. ರಜೆ ಮುಗಿದು ಮಕ್ಕಳು ಊರಿಗೆ ಮರಳಿದ ಮೇಲೂ ಆಡಬೇಕೆಂದಾಗ ರೂಟರಿನಲ್ಲಿ ಪೋರ್ಟ್ ತೆರೆದರೂ ಫಲವಾಗಲಿಲ್ಲ, ಏಕೆಂದರೆ ನಮ್ಮ ಇಂಟರ್ನೆಟ್ ಸಂಪರ್ಕದಲ್ಲಿ ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಹಂಚಲಾಗಿತ್ತು. ಪೈಯಲ್ಲಿಯೂ ಮೊಬೈಲುಗಳಲ್ಲಿಯೂ ದೂರದ ಸಾಧನಗಳನ್ನು ಒಂದೇ ಖಾಸಗಿ ಜಾಲಕ್ಕೆ ಸೇರಿಸುವ ಟೈಲ್‌ಸ್ಕೇಲ್ ಹಾಕಿಕೊಂಡ ಮೇಲೆ ಆ ಸಮಸ್ಯೆ ತೀರಿತು.

ರಾಜಾಜಿನಗರದಿಂದ:
ಎಲ್ಲರಿಗೂ ಧನ್ಯವಾದಗಳು. ಮಗ ಪೈ ಬಿಟ್ಟು ಏಳುವವನಲ್ಲವಾದ್ದರಿಂದ ಲುವಾಂಟಿಯನ್ನೇ ಹಾಕಿದೆವು. ಒಂದು ಮೊಬೈಲು ಕೂಡಲೇ ಸೇರಿತು. ಇನ್ನೊಂದು ಮೊಬೈಲು ಮನೆಯ ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿದ್ದುದು ಅರ್ಧ ಗಂಟೆಯ ಮೇಲೆ ಗೊತ್ತಾಯಿತು. ಜಗತ್ತಿನ ಫೋಲ್ಡರನ್ನು ಪ್ರತಿ ರಾತ್ರಿ ಪೆನ್‌ಡ್ರೈವಿಗೆ ನಕಲು ಮಾಡುವ ಕೆಲಸವನ್ನು ಅಕ್ಕನ ಮಗಳಿಗೆ ವಹಿಸಿದ್ದೇನೆ.