ವರ್ನನ್ ಕೌಂಟಿಯಲ್ಲಿ ಹಳ್ಳದ ಪಕ್ಕದ ಮನೆ: ನೆರೆಯ ಕುರಿತು ಪ್ರಶ್ನೋತ್ತರ

ನಿರ್ವಾಹಕರು: ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ನೈರುತ್ಯದಲ್ಲಿರುವ ವರ್ನನ್ ಮತ್ತು ಕ್ರಾಫರ್ಡ್ ಕೌಂಟಿಗಳಲ್ಲಿ ಹಳೆಯ ತೋಟದ ಮನೆಗಳನ್ನು ಕೊಳ್ಳುವ ವಿಚಾರ ನಮ್ಮ ಬಳಗದಲ್ಲಿ ಪದೇ ಪದೇ ಬರುತ್ತಿದೆ. ನೆರೆಬಯಲಿನ ನಿರ್ವಹಣೆಯನ್ನೇ ವೃತ್ತಿಯಾಗಿಸಿಕೊಂಡಿರುವ ನಮ್ಮ ಬಳಗದ ಎಂಜಿನಿಯರ್ ಮೇಡಂ ಈ ವಾರಾಂತ್ಯದಲ್ಲಿ ಉತ್ತರಿಸಲು ಒಪ್ಪಿದ್ದಾರೆ. ದಯವಿಟ್ಟು ಪ್ರಶ್ನೆಗಳು ನೆರೆಗೆ ಮಾತ್ರ ಸಂಬಂಧಿಸಿರಲಿ.

ಸದಸ್ಯರು, ಮ್ಯಾಡಿಸನ್: ನಮಸ್ಕಾರ ಮೇಡಂ. ನಾವು ನೋಡಿರುವ ಮನೆ ನಕ್ಷೆಯಲ್ಲಿ ‘ನೂರು ವರ್ಷದ ನೆರೆ’ಯ ಗೆರೆಯೊಳಗೆ ಬರುತ್ತದೆ. 2018ರಲ್ಲಿ ಅಷ್ಟು ದೊಡ್ಡ ನೆರೆ ಬಂದು ಹೋಗಿರುವುದರಿಂದ ಇನ್ನು ನಮ್ಮ ಕಾಲಕ್ಕೆ ಚಿಂತೆಯಿಲ್ಲ ಎಂದು ಭಾವಿಸಬಹುದೇ?

ಎಂಜಿನಿಯರ್: ನಮಸ್ಕಾರ. ಹಾಗೆ ಭಾವಿಸಬೇಡಿ. ಯಾವುದೇ ಒಂದು ವರ್ಷದಲ್ಲಿ ನೀರು ಆ ಮಟ್ಟವನ್ನು ಮುಟ್ಟುವ ಸಾಧ್ಯತೆ ಶೇಕಡಾ 1 ಎಂಬುದಷ್ಟೇ ಆ ಹೆಸರಿನ ತಾತ್ಪರ್ಯ; ಹೋದ ವರ್ಷ ಬಂದಿತ್ತೆಂದು ಈ ವರ್ಷ ನೀರು ರಿಯಾಯಿತಿ ಕೊಡುವುದಿಲ್ಲ. ನಿಮ್ಮ 30 ವರ್ಷದ ಗೃಹಸಾಲ ತೀರುವಷ್ಟರಲ್ಲಿ ಒಮ್ಮೆಯಾದರೂ ಅದು ಬರುವ ಸಾಧ್ಯತೆ ಸುಮಾರು ಶೇಕಡಾ 26. ಕಿಕಾಪೂ ನದಿಯ ದಂಡೆಯ ಗೇಸ್ ಮಿಲ್ಸ್ 2007ರ ಆಗಸ್ಟ್‌ನಲ್ಲಿ ಮುಳುಗಿತು, ಮನೆಗಳ ದುರಸ್ತಿ ಮುಗಿಯುವ ಮೊದಲೇ 2008ರ ಜೂನ್‌ನಲ್ಲಿ ಮತ್ತೆ ಮುಳುಗಿತು, 2018ರಲ್ಲಿ ಮಗದೊಮ್ಮೆ ಮುಳುಗಿತು.

ಸದಸ್ಯೆ, ಫಿಚ್‌ಬರ್ಗ್: ನಮ್ಮದು ನಕ್ಷೆಯಲ್ಲಿ ‘ಎಕ್ಸ್’ ವಲಯ, ಅಂದರೆ ನೂರು ವರ್ಷದ ನೆರೆಯ ಗೆರೆಯ ಹೊರಗೆ. ಬ್ಯಾಂಕಿನವರು ನೆರೆ ವಿಮೆ ಕಡ್ಡಾಯವಲ್ಲ ಎಂದಿದ್ದಾರೆ. ಹಾಗಿದ್ದರೂ ತೆಗೆದುಕೊಳ್ಳಬೇಕೇ?

ಎಂಜಿನಿಯರ್: ಕಣಿವೆಯ ತಳದಲ್ಲಿದ್ದರೆ ತೆಗೆದುಕೊಳ್ಳಿ. ಸಾಮಾನ್ಯ ಗೃಹವಿಮೆ ನೆರೆಹಾನಿಯನ್ನು ಭರಿಸುವುದಿಲ್ಲ. ಒಕ್ಕೂಟ ಸರ್ಕಾರದ ನೆರೆ ವಿಮೆ ವಾಸದ ಮನೆಗೆ ಗರಿಷ್ಠ 2,50,000 ಡಾಲರ್, ಒಳಗಿನ ಸಾಮಾನುಗಳಿಗೆ ಗರಿಷ್ಠ 1,00,000 ಡಾಲರ್ ಕೊಡುತ್ತದೆ; ಬೇಸ್‌ಮೆಂಟಿನ ವಿಷಯದಲ್ಲಿ ಕೈ ಬಹಳ ಬಿಗಿ. ಮುಖ್ಯವಾಗಿ, ಮನೆಸಾಲದ ಜೊತೆಗೇ ಮಾಡಿಸಿದ ವಿಮೆಯಂತಹ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಹಣ ಕಟ್ಟಿದ 30 ದಿನಗಳ ನಂತರವೇ ಅದು ಜಾರಿಗೆ ಬರುತ್ತದೆ. ಮೋಡ ಕಟ್ಟಿದ ಮೇಲೆ ಏಜೆಂಟರಿಗೆ ಫೋನ್ ಮಾಡಿ ಪ್ರಯೋಜನವಿಲ್ಲ.

ಸದಸ್ಯರು, ಸನ್ ಪ್ರೇರಿ: ಕಿಕಾಪೂವಿನ ವೆಸ್ಟ್ ಫೋರ್ಕ್ ಹಳ್ಳದ ಪಕ್ಕ ಹನ್ನೆರಡು ಎಕರೆಯ ಜೊತೆಗೆ ಒಂದು ಮನೆ ನಮಗೆ ತುಂಬ ಹಿಡಿಸಿದೆ. 2018ರಲ್ಲಿ ನೀರು ಬಂದದ್ದು ನಿಜ, ಆದರೆ ಅದು ಮೇಲಿನ ಅಣೆಕಟ್ಟು ಒಡೆದದ್ದರಿಂದ; ಈಗ ಅಲ್ಲಿ ಅಣೆಕಟ್ಟೇ ಇಲ್ಲ, ಆದ್ದರಿಂದ ಇನ್ನು ಒಡೆಯಲು ಏನೂ ಉಳಿದಿಲ್ಲ ಎಂದು ಮಾರಾಟಗಾರರು ಹೇಳುತ್ತಾರೆ. ಕೇಳಲು ಸರಿಯೆನಿಸುತ್ತದೆ. ತಮ್ಮ ಅಭಿಪ್ರಾಯವೇನು?

ಎಂಜಿನಿಯರ್: ಈ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಮಾರಾಟಗಾರರ ಮಾತಿನಲ್ಲಿ ಅರ್ಧ ನಿಜವಿದೆ, ನನಗೆ ಭಯವಿರುವುದೇ ಆ ಅರ್ಧದ ಬಗ್ಗೆ.

ಆ ಪ್ರದೇಶ ಹಿಮನದಿಗಳು ಸವರಿ ಸಮತಟ್ಟು ಮಾಡದೆ ಬಿಟ್ಟುಹೋದದ್ದು. ಮೇಲೆ ಗುಡ್ಡದ ನೆತ್ತಿ, ಕಡಿದಾದ ಇಳಿಜಾರು, ಕೆಳಗೆ ಇಕ್ಕಟ್ಟಾದ ಕಣಿವೆ. ಮಳೆ ನಿಂತು ದಿನಗಟ್ಟಲೆ ಕಾದು ಏರುವ ನೆರೆ ಅಲ್ಲಿಯದಲ್ಲ. ರಾತ್ರಿ ಸುರಿದದ್ದು ಬೆಳಗಾಗುವ ಮುನ್ನ ನಿಮ್ಮ ಅಂಗಳದಲ್ಲಿರುತ್ತದೆ. ಜಲಾನಯನ ರಕ್ಷಣೆ ಮತ್ತು ನೆರೆ ತಡೆಗಾಗಿ ಬಂದ 1954ರ ಕಾಯ್ದೆಯಡಿ ಅಲ್ಲಿ ಕಟ್ಟಿದವು ಸಣ್ಣ ಮಣ್ಣಿನ ಒಡ್ಡುಗಳು. ಅವು ನೀರಾವರಿಗಲ್ಲ, ಕೆಲವನ್ನು ಬಿಟ್ಟರೆ ಬಹುತೇಕ ಒಣಗಿಯೇ ಇರುತ್ತಿದ್ದವು. ಮಳೆ ಸುರಿದಾಗ ನೀರನ್ನು ಹಿಡಿದಿಟ್ಟು ಕೊಳವೆಯ ಮೂಲಕ ನಿಧಾನವಾಗಿ ಬಿಡುವುದು ಅವುಗಳ ಕೆಲಸ. 2018ರ ಆಗಸ್ಟ್ 27–28ರ ರಾತ್ರಿ ಅಂತಹ ಐದು ಒಡ್ಡುಗಳು ಹೋದವು: ಕೂನ್ ಕ್ರೀಕ್‌ನಲ್ಲಿ ಮೂರು, ನಿಮ್ಮ ವೆಸ್ಟ್ ಫೋರ್ಕ್‌ನಲ್ಲಿ ಜರ್ಸಿ ವ್ಯಾಲಿ ಸೇರಿ ಎರಡು. ಕುಸಿದದ್ದು ಒಡ್ಡಿನ ನಡುಭಾಗವಲ್ಲ ಎಂಬುದನ್ನು ಗಮನಿಸಿ. ಒಡ್ಡಿನ ತುದಿಯನ್ನು ಕೂರಿಸಿದ್ದ ಬಿರುಕು ಬಿರುಕಾದ ಮರಳುಗಲ್ಲಿನ ಗುಡ್ಡವೇ ಪಕ್ಕದಿಂದ ಕೊಚ್ಚಿಹೋಯಿತು. ಉಳಿದ ಒಡ್ಡುಗಳೂ ಅದೇ ಬಗೆಯ ಗುಡ್ಡಕ್ಕೆ ಆತುಕೊಂಡಿರುವುದರಿಂದ ಅವನ್ನೂ ಕಳಚುವುದೇ ಲೇಸೆಂಬ ಶಿಫಾರಸು ಮುಂದೆ ಬಂದದ್ದು ಈ ಕಾರಣಕ್ಕೆ.

ಈಗ ಮಾರಾಟಗಾರರ ತರ್ಕಕ್ಕೆ ಬರೋಣ. ಒಡ್ಡು ಇಲ್ಲದಿದ್ದರೆ ಒಡ್ಡು ಒಡೆದು ನುಗ್ಗುವ ಅಲೆ ಇರುವುದಿಲ್ಲ, ಒಪ್ಪಿದೆ. ಆದರೆ ಇಷ್ಟು ವರ್ಷ ನಿಮ್ಮ ಹಳ್ಳಕ್ಕೆ ತಲುಪದಂತೆ ಅದು ತಡೆದಿಟ್ಟಿದ್ದ ಸಣ್ಣ ಮತ್ತು ಮಧ್ಯಮ ನೆರೆಗಳೂ ಇನ್ನು ತಡೆಯಿಲ್ಲದೆ ಬರುತ್ತವೆ. ಒಮ್ಮೆ ಬರುವ ಮಹಾ ಅಪಾಯ ಹೋಗಿ ಆಗಾಗ ಬರುವ ಅಪಾಯ ಹೆಚ್ಚಿತು ಎಂದು ತಿಳಿಯಿರಿ. ನೀವು ನೋಡಿದ ನಕ್ಷೆಯ ಲೆಕ್ಕ ಒಡ್ಡು ಇದ್ದ ಕಾಲದ್ದೋ, ಇಲ್ಲದ ಕಾಲದ್ದೋ ಎಂಬುದನ್ನು ವಿರೋಕ್ವಾದಲ್ಲಿರುವ ಕೌಂಟಿಯ ಜೋನಿಂಗ್ ಕಚೇರಿಯಲ್ಲಿ ಮೊದಲು ಕೇಳಿ. ವಲಯ ಯಾವುದು ಎಂದಷ್ಟೇ ಕೇಳಿ ಹಿಂದಿರುಗಬೇಡಿ.

ನಂತರ ಮನೆಯನ್ನೇ ಕೇಳಿ. ವಿದ್ಯುತ್ ಫಲಕದ ತಿರುಪುಗಳನ್ನು ಮನೆ ತಪಾಸಣೆಗಾರರಿಂದ ಬಿಚ್ಚಿಸಿ, ಒಳಗಿನ ಮೂಲೆಗಳಲ್ಲಿ ನುಣ್ಣನೆಯ ಕಂದು ಹೂಳು ಕೂತಿದೆಯೇ ನೋಡಿ. ಮನೆ ಬಿಸಿಮಾಡುವ ಫರ್ನೇಸಿನ ಕಾಲುಗಳು ಒಂದೇ ಎತ್ತರದವರೆಗೆ ತುಕ್ಕು ಹಿಡಿದಿವೆಯೇ, ಗೋಡೆಯ ಹಲಗೆ ಸೊಂಟದೆತ್ತರಕ್ಕೆ ಮಾತ್ರ ಹೊಸದಾಗಿದೆಯೇ, ಅಡಿಪಾಯದ ಮೇಲಿನ ಮರದ ತೊಲೆಯ ಮೇಲುಬದಿಯಲ್ಲಿ ಬೆರಳಾಡಿಸಿದರೆ ಮಣ್ಣು ಸಿಗುತ್ತದೆಯೇ ಎಂಬುದನ್ನೂ ಪರೀಕ್ಷಿಸಿ. ಆಮೇಲೆ ಹಳ್ಳದ ಕೊರೆದ ದಂಡೆಗೆ ಹೋಗಿ ನಿಲ್ಲಿ. ಅನೇಕ ಕಡೆ ತಿಳಿಕಂದು ಹೂಳಿನ ಕೆಳಗೆ ಒಂದು ಕಪ್ಪು ಪಟ್ಟೆ ಕಾಣುತ್ತದೆ. ಆ ಕಪ್ಪು ಪಟ್ಟೆಯೇ ವಲಸಿಗರು ಬರುವ ಮುಂಚಿನ ಕಣಿವೆಯ ನೆಲ. ಅದರ ಮೇಲಿನದೆಲ್ಲ ಇಳಿಜಾರುಗಳನ್ನು ಮನಸೋಇಚ್ಛೆ ಉತ್ತ ಮೇಲೆ ಗುಡ್ಡದಿಂದ ಕೊಚ್ಚಿಬಂದದ್ದು. ದೇಶದ ಮೊದಲ ಜಲಾನಯನ ಸಂರಕ್ಷಣಾ ಯೋಜನೆ 1933ರಲ್ಲಿ ಪಕ್ಕದ ಕೂನ್ ಕ್ರೀಕ್‌ನಲ್ಲೇ ಆರಂಭವಾದದ್ದು ಈ ದುರವಸ್ಥೆಯಿಂದಾಗಿ. ನಿಮ್ಮ ಹನ್ನೆರಡು ಎಕರೆಯಲ್ಲಿ ಎಷ್ಟು ಭಾಗ ಆ ಹೂಳಿನ ಮೇಲಿದೆಯೋ ಅಷ್ಟೂ ಹಳ್ಳಕ್ಕೆ ಸೇರಿದ್ದೆಂದು ತಿಳಿದುಕೊಂಡೇ ಬೆಲೆ ಮಾತನಾಡಿ.

ಸದಸ್ಯರು, ಮಿಲ್ವಾಕಿ: ಬಹಳ ಉಪಯುಕ್ತ ಮಾಹಿತಿ ಮೇಡಂ. ವಾಟ್ಸಾಪಿನಲ್ಲಿ ಬಂದ ಈ ಸಂದೇಶವನ್ನೂ ಎಲ್ಲರ ಅನುಕೂಲಕ್ಕಾಗಿ ಹಾಕುತ್ತಿದ್ದೇನೆ: ‘ಬೇಸ್‌ಮೆಂಟಿಗೆ ನೀರು ನುಗ್ಗಿದರೆ ಒಂದು ನಿಮಿಷವೂ ತಡಮಾಡದೆ ಪೆಟ್ರೋಲ್ ಪಂಪನ್ನು ಕೆಳಗಿಳಿಸಿ ಪೂರ್ತಿ ಖಾಲಿ ಮಾಡಿ, ನಂತರ ಬ್ಲೀಚ್ ಮತ್ತು ಅಮೋನಿಯಾ ಬೆರೆಸಿ ತೊಳೆದರೆ ಬೂಷ್ಟು ಹತ್ತಿರ ಸುಳಿಯುವುದಿಲ್ಲ.’

ಎಂಜಿನಿಯರ್: ಇದನ್ನು ದಯವಿಟ್ಟು ಅಳಿಸಿ. ಎರಡು ಸಾಲಿನಲ್ಲಿ ಪ್ರಾಣ ತೆಗೆಯುವ ಎರಡು ದಾರಿಗಳೂ ಗೋಡೆ ಬೀಳಿಸುವ ಒಂದು ದಾರಿಯೂ ಇವೆ. ಮುಚ್ಚಿದ ಜಾಗದಲ್ಲಿ ಪೆಟ್ರೋಲ್ ಎಂಜಿನ್ ಓಡಿಸಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಬ್ಲೀಚ್ ಮತ್ತು ಅಮೋನಿಯಾ ಬೆರೆತರೆ ವಿಷಾನಿಲ ಏಳುತ್ತದೆ. ಹೊರಗಿನ ಮಣ್ಣು ಇನ್ನೂ ನೀರು ಕುಡಿದು ಒತ್ತುತ್ತಿರುವಾಗ ಒಳಗಿನ ನೀರನ್ನು ಒಮ್ಮೆಲೇ ತೆಗೆದರೆ ಬೇಸ್‌ಮೆಂಟಿನ ಗೋಡೆ ಒಳಕ್ಕೆ ಕುಸಿಯಬಹುದು. ಹೊರಗಿನ ನೀರು ಇಳಿದ ಮೇಲೆ ಒಂದು ಅಡಿಯಷ್ಟು ತೆಗೆದು, ಗೋಡೆಗೆ ಗುರುತು ಹಾಕಿ, ಮರುದಿನ ನೋಡಬೇಕು. ನೀರು ಗುರುತನ್ನು ದಾಟಿ ಏರಿದ್ದರೆ ಇನ್ನೂ ಕಾಲ ಬಂದಿಲ್ಲವೆಂದರ್ಥ. ಏರದಿದ್ದರೆ ದಿನಕ್ಕೆ ಎರಡು ಮೂರು ಅಡಿಯಂತೆ ತೆಗೆಯಬಹುದು.

ಸದಸ್ಯರು, ಮಿಲ್ವಾಕಿ: ಒಳ್ಳೆಯ ಉದ್ದೇಶದಿಂದಲೇ ಹಾಕಿದ್ದೆ. ಅಷ್ಟು ಕಟುವಾಗಿ ಹೇಳಬೇಕಾಗಿರಲಿಲ್ಲ.

ಸದಸ್ಯರು, ಬ್ರೂಕ್‌ಫೀಲ್ಡ್: ಎಕ್ಸ್ ವಲಯದವರಿಗೆ ವಿಮೆ ಬೇಕೇ ಮೇಡಂ?

ಎಂಜಿನಿಯರ್: ಮೇಲೆ ಬರೆದಿದ್ದೇನೆ.

ಸದಸ್ಯೆ, ಲಾ ಕ್ರಾಸ್: ನೆರೆಯ ನಂತರ ಸೆಪ್ಟಿಕ್ ಟ್ಯಾಂಕನ್ನು ಯಾವಾಗ ಖಾಲಿ ಮಾಡಿಸಬೇಕು? ಕೊಳವೆಬಾವಿ ಅದರ ಹತ್ತಿರವೇ ಇದೆ.

ಸದಸ್ಯರು, ಮ್ಯಾಡಿಸನ್ ಪಶ್ಚಿಮ: ಈ ಕಷ್ಟಕ್ಕೆಲ್ಲ ಮೂಲ ಕಾರಣವನ್ನು ಯಾರೂ ಹೇಳುತ್ತಿಲ್ಲ. ಲಾ ಫಾರ್ಜ್‌ನಲ್ಲಿ 1962ರಲ್ಲಿ ಮಂಜೂರಾಗಿ 1971ರಲ್ಲಿ ಆರಂಭವಾದ ದೊಡ್ಡ ಅಣೆಕಟ್ಟನ್ನು ಪರಿಸರವಾದಿಗಳು 1975ರಲ್ಲಿ ನಿಲ್ಲಿಸದಿದ್ದರೆ ಇವತ್ತು ಕಿಕಾಪೂ ಕಣಿವೆಯಲ್ಲಿ ಯಾರೂ ನೆರೆಯ ಮಾತೆತ್ತುತ್ತಿರಲಿಲ್ಲ.

ಸದಸ್ಯರು, ವಿರೋಕ್ವಾ: ತಮ್ಮ ಮಾತು ಪೂರ್ಣ ಸತ್ಯವಲ್ಲ. ವೆಚ್ಚ ಏರುತ್ತಲೇ ಹೋಯಿತು, ಜಲಾಶಯದ ನೀರು ಪಾಚಿಗಟ್ಟುತ್ತದೆ ಎಂದು ವಿಶ್ವವಿದ್ಯಾನಿಲಯದ ಅಧ್ಯಯನ ಹೇಳಿತು. ನೂರಕ್ಕೂ ಹೆಚ್ಚು ಕುಟುಂಬಗಳು ಹೊಲ ಮನೆ ಬಿಟ್ಟುಕೊಟ್ಟು ಹೋದವು, ಸಿಕ್ಕಿದ್ದು ಕಣಿವೆಯಲ್ಲಿ ನಿಂತ ಒಂದು ಕಾಂಕ್ರೀಟ್ ಗೋಪುರ. ಆ ಊರಿನವರ ಮುಂದೆ ‘ಪರಿಸರವಾದಿಗಳು’ ಎಂದು ಒಂದೇ ಪದದಲ್ಲಿ ಮುಗಿಸುವುದು ಸುಲಭವಲ್ಲ.

ಸದಸ್ಯರು, ಮ್ಯಾಡಿಸನ್ ಪಶ್ಚಿಮ: ಆಲಮಟ್ಟಿಗಾಗಿ ಬಾಗಲಕೋಟೆಯವರು ಮನೆ ಬಿಡಲಿಲ್ಲವೇ? ಕಿಕಾಪೂ ದಂಡೆಯ ಸೋಲ್ಜರ್ಸ್ ಗ್ರೋವ್‌ನವರೂ ಊರನ್ನೇ ಸ್ಥಳಾಂತರಿಸಲಿಲ್ಲವೇ?

ಸದಸ್ಯರು, ವಿರೋಕ್ವಾ: ನಾನು ಬಾಗಲಕೋಟೆಯವನೇ. ನಮ್ಮನ್ನು ಎಬ್ಬಿಸಿದ್ದು ಅಣೆಕಟ್ಟಿನ ಹಿನ್ನೀರು. ಸೋಲ್ಜರ್ಸ್ ಗ್ರೋವ್‌ನವರು ತಾವಾಗಿ ಎದ್ದರು. ಎರಡನ್ನೂ ಒಂದೇ ಗಂಟಿಗೆ ಕಟ್ಟಬೇಡಿ.

ನಿರ್ವಾಹಕರು: ಇಬ್ಬರೂ ಸಂಯಮದಿಂದ ಬರೆಯಬೇಕೆಂದು ವಿನಂತಿ.

ಎಂಜಿನಿಯರ್: ವೆಸ್ಟ್ ಫೋರ್ಕ್ ಕಿಕಾಪೂವನ್ನು ಕೂಡುವುದು ಲಾ ಫಾರ್ಜ್‌ಗಿಂತ ಕೆಳಗೆ, ರೀಡ್ಸ್‌ಟೌನ್ ಬಳಿ. ಲಾ ಫಾರ್ಜ್‌ನ ಅಣೆಕಟ್ಟು ಮುಗಿದಿದ್ದರೂ ಆ ಹಳ್ಳದ ಒಂದು ಹನಿಯನ್ನೂ ಅದು ಹಿಡಿಯುತ್ತಿರಲಿಲ್ಲ. ವಾದಿಸುವವರು ಮೊದಲು ನಕ್ಷೆ ನೋಡಬೇಕು. ಸೋಲ್ಜರ್ಸ್ ಗ್ರೋವ್‌ನ ವಿಷಯ ನಿಜಕ್ಕೂ ಕಲಿಯತಕ್ಕದ್ದು. ಊರಿಗೆ ನೆರೆ ತಡೆಯುವ ಏರಿ ಕಟ್ಟುವ ಖರ್ಚು ಅದು ಕಾಯಬೇಕಿದ್ದ ಆಸ್ತಿಯ ಬೆಲೆಯನ್ನೇ ಮೀರುತ್ತಿತ್ತು. 1978ರ ಜುಲೈನ ನೆರೆಯ ನಂತರ ಅಂಗಡಿಬೀದಿಯನ್ನು ಪೂರ್ತಿಯಾಗಿ ಎತ್ತರಕ್ಕೆ ಒಯ್ದರು, ಹೊಸ ವಾಣಿಜ್ಯ ಕಟ್ಟಡಗಳ ಶಾಖದಲ್ಲಿ ಅರ್ಧವಾದರೂ ಸೂರ್ಯನಿಂದ ಬರಬೇಕೆಂಬ ನಿಯಮವನ್ನೂ ಮಾಡಿಕೊಂಡರು. ಆ ಕಣಿವೆಯಲ್ಲಿ ಖಚಿತವಾಗಿ ಕೆಲಸ ಮಾಡಿದ ಪರಿಹಾರವೆಂದರೆ ನೀರಿನ ದಾರಿಯಿಂದ ಸರಿದು ನಿಂತದ್ದು.

ಸದಸ್ಯರು, ಮ್ಯಾಡಿಸನ್ ಪಶ್ಚಿಮ: ಹಾಗಾದರೆ ಇಡೀ ಕಣಿವೆಯನ್ನು ಖಾಲಿ ಮಾಡಿಸಿಬಿಡಿ. ತಜ್ಞರೊಡನೆ ಚರ್ಚೆಗೆ ಅವಕಾಶವಿಲ್ಲವೆಂದು ಮೊದಲೇ ತಿಳಿಸಬಹುದಿತ್ತು.

ಸದಸ್ಯೆ, ಲಾ ಕ್ರಾಸ್: ನನ್ನ ಸೆಪ್ಟಿಕ್ ಪ್ರಶ್ನೆ ಮೇಲೆಯೇ ಉಳಿದುಹೋಗಿದೆ.

ಸದಸ್ಯರು, ಜೇನ್ಸ್‌ವಿಲ್: ರಸ್ತೆಯ ಮೇಲೆ ಒಂದು ಅಡಿಯಷ್ಟೇ ನೀರಿದ್ದರೆ ಎಸ್‌ಯುವಿಯಲ್ಲಿ ದಾಟಬಹುದಲ್ಲವೇ?

ಎಂಜಿನಿಯರ್: ಬೇಡ. ಹರಿಯುವ ನೀರು ಆರು ಅಂಗುಲವಿದ್ದರೆ ನಿಂತ ಮನುಷ್ಯನನ್ನು ಕೆಡವುತ್ತದೆ, ಒಂದು ಅಡಿ ಸಣ್ಣ ಕಾರನ್ನು ಒಯ್ಯುತ್ತದೆ. ನೀರಿನಡಿ ರಸ್ತೆ ಉಳಿದಿದೆಯೇ ಎಂಬುದು ನಿಮ್ಮ ಎಸ್‌ಯುವಿಗೂ ತಿಳಿಯದು.

ಸದಸ್ಯರು, ಸನ್ ಪ್ರೇರಿ: ಮೇಡಂ, ನಿನ್ನೆ ತಪಾಸಣೆಗಾರರೊಡನೆ ಹೋಗಿದ್ದೆವು. ಫಲಕದೊಳಗೆ ತಾವು ಹೇಳಿದ ಹೂಳು ಕೆಳಗಿನ ಎರಡು ಮೂಲೆಗಳಲ್ಲೂ ಇತ್ತು. ಮಾರಾಟಗಾರರು ಹದಿನೈದು ಸಾವಿರ ಡಾಲರ್ ಇಳಿಸಲು ಸಿದ್ಧರಿದ್ದಾರೆ. ಒಪ್ಪಬಹುದೇ?

ಎಂಜಿನಿಯರ್: ಬೆಲೆ ನನ್ನ ವಿಷಯವಲ್ಲ. ಹೂಳು ಸಿಕ್ಕಿದ ಮೇಲೆ ಎರಡು ಕೆಲಸ ಬಾಕಿ. ಪರವಾನಗಿಯುಳ್ಳ ಸರ್ವೇಯರರಿಂದ ನೆಲಮಹಡಿಯ ಎತ್ತರದ ಪ್ರಮಾಣಪತ್ರ ಮಾಡಿಸಿ. ಹಿಂದಿನ ದುರಸ್ತಿಗೆ ಕೌಂಟಿಯ ಅನುಮತಿ ಪಡೆದಿದ್ದರೇ ಎಂಬುದನ್ನೂ ವಿಚಾರಿಸಿ. ಏಕೆಂದರೆ ನೆರೆಬಯಲಿನೊಳಗಿನ ಮನೆಗೆ ಅದರ ಬೆಲೆಯ ಅರ್ಧದಷ್ಟು ಹಾನಿಯಾದರೆ ಈಗಿನ ನಿಯಮಕ್ಕೆ ತಕ್ಕಂತೆ ಅದನ್ನು ಎತ್ತರಿಸಲೇಬೇಕಾಗುತ್ತದೆ, ಆ ಹೊರೆ ಕೊಂಡವರ ಮೇಲೆ ಬೀಳುತ್ತದೆ. ಇವೆರಡೂ ಕೈಗೆ ಬರುವವರೆಗೆ ಸಹಿ ಹಾಕಬೇಡಿ.

ಸದಸ್ಯರು, ಕೆನೋಶಾ: ನಮ್ಮದೂ ಎಕ್ಸ್ ವಲಯ. ವಿಮೆ ಬೇಕೇ?

ಸದಸ್ಯರು, ವಿರೋಕ್ವಾ: ಸ್ವಾಮಿ, ಮೇಲೆ ಓದಿ.